ಮೂರು ಗಾಡಿ ಯಾರವು?

"ಮೂರಕ್ಕೆ ಮೂರೂ ಓಡ್ತಿವೆ! ಶಭಾಷ್, ಲಂಬೂ!" ಎಂದು ಕಂಪ್ಯೂಟರ್ ಮಿಸ್ ಚಪ್ಪಾಳೆ ತಟ್ಟಿದರು.

ಉದ್ದನೆಯ ಹುಡುಗ ಲಂಬೂ ಬರೆದ ಪ್ರೋಗ್ರಾಮಿನಿಂದ ಪರದೆಯ ಮೇಲೆ ಬಸ್ಸು, ಲಾರಿ, ಆಂಬುಲೆನ್ಸ್ ಸಾಲಾಗಿ ಓಡುತ್ತಿದ್ದವು. ಎಲ್ಲರೂ ಹೋ ಎಂದರು. ಒಬ್ಬಳು ಮಾತ್ರ ಧಡಕ್ಕನೆ ಎದ್ದು ನಿಂತಳು. ಸಿಟ್ಟು ಜಾಸ್ತಿ ಅಂತ ಮನೆಯವರು ಅವಳನ್ನು ಕರೆಯುವುದೇ ಮೆಣಸಿ ಎಂದು.

"ಮಿಸ್, ಗಾಡಿ ಹೇಗೆ ಓಡ್ಬೇಕು, ತಿರುಗ್ಬೇಕು, ನಿಲ್ಬೇಕು, ಎಲ್ಲಾ ಬರ್ದಿದ್ದು ನಾನು! ಪ್ರೋಗ್ರಾಮಲ್ಲಿ ಎಲ್ಲಾ ಗಾಡಿಗೂ ಅಚ್ಚಿನ ಹಾಗಿರೋ 'ವಾಹನ' ಅನ್ನೋ ಕ್ಲಾಸ್ ನಂದು!"

"ನಾನೆಲ್ಲಿ ಇಲ್ಲ ಅಂದೆ?" ಎಂದ ಲಂಬೂ. "'ಬಸ್ಸು ಒಂದು ವಾಹನ' ಅಂತ ಬರ್ದೆ. ಓಡೋದು ತಾನಾಗೇ ಬಂತು. ಬಾಗಿಲು ತೆಗೆಯೋದಷ್ಟೇ ಸೇರಿಸ್ದೆ. ಲಾರಿಗೂ ಹಾಗೇ."

"ಅದು ಕಾಪಿ!"

"ಅಲ್ಲಮ್ಮ, ಇನ್‌ಹೆರಿಟೆನ್ಸ್. ತಾಯಿ ಗುಣ ಮಕ್ಕಳಿಗೆ ಬರುತ್ತಲ್ಲ, ಹಾಗೆ," ಎಂದು ಮಿಸ್ ನಕ್ಕರು.

ಮೆಣಸಿಗೆ ಮೈಯೆಲ್ಲ ಉರಿಯಿತು. ಚಪ್ಪಾಳೆಯೆಲ್ಲ ಮಕ್ಕಳಿಗೆ, ತಾಯಿಯನ್ನು ಕೇಳುವವರೇ ಇಲ್ಲ!

ಊಟದ ಬಿಡುವಿನಲ್ಲಿ ಅವಳು ಸದ್ದಿಲ್ಲದೆ 'ವಾಹನ'ವನ್ನು ತೆರೆದು ವೇಗವನ್ನು ಸೊನ್ನೆ ಮಾಡಿದಳು. "ಈಗ ಓಡ್ಲಿ, ನೋಡೋಣ!"

ಆಮೇಲೆ ಒಂದನೇ ಕ್ಲಾಸಿನ ಪುಟಾಣಿಗಳು ಆಡಲು ಬಂದರು. ಬಸ್ಸು ಅಲುಗಲಿಲ್ಲ. ಲಾರಿಯೂ ಇಲ್ಲ. ಲಂಬೂ ಅದನ್ನು ತೆರೆದ, ಇದನ್ನು ತೆರೆದ, ಬೆವರು ಒರೆಸಿಕೊಂಡ. "ನಾನೇನೂ ತಪ್ಪು ಬರ್ದಿಲ್ವಲ್ಲಾ!"

ಆಂಬುಲೆನ್ಸ್ ಮುಂದೆ ಕೂತ ಪುಟ್ಟ ಹುಡುಗಿ ಮೆಣಸಿಯ ತೋಳು ಎಳೆದಳು. "ಅಕ್ಕಾ, ಒಳಗೆ ಪೇಶೆಂಟ್ ಇದಾನೆ. ಬೇಗ ಓಡ್ಸು."

ಅವಳ ಕಣ್ಣು ತುಂಬಿ ಬಂದಿತ್ತು. ಮೆಣಸಿಗೆ ಪಿಚ್ಚೆನಿಸಿತು. ಸೊನ್ನೆ ಅಳಿಸಿ ಐದು ಒತ್ತಿದಳು. ಮೂರೂ ಗಾಡಿಗಳು ಒಟ್ಟಿಗೇ ಹೊರಟವು. ಹೊರಟವೇನೋ ಸರಿ, ಪರದೆಯ ಅಂಚು ದಾಟಿ ಮಾಯವಾದವು!

"ಅಂಚಿಗೆ ಬಂದ್ರೆ ತಾನಾಗೇ ವಾಪಸ್ ತಿರುಗ್ಬೇಕು," ಎಂದ ಲಂಬೂ. "ಥೂ, ಮೂರಕ್ಕೂ ಬರೀಬೇಕು."

"ಯಾಕೆ ಮೂರಕ್ಕೂ?" ಮೆಣಸಿ 'ವಾಹನ'ದಲ್ಲಿ ಒಂದೇ ಸಲ ಬರೆದಳು. ಬಸ್ಸು ತಿರುಗಿತು. ಲಾರಿ, ಆಂಬುಲೆನ್ಸ್ ಕೂಡ ತಿರುಗಿದವು. ಪುಟಾಣಿಗಳು ಕುಣಿದಾಡಿದರು.

"ಅಕ್ಕಾ, ಟ್ರ್ಯಾಕ್ಟರ್ ಬೇಕು!"

'ಟ್ರ್ಯಾಕ್ಟರ್ ಒಂದು ವಾಹನ' ಎಂದು ಟೈಪ್ ಮಾಡಿದ ಮೆಣಸಿಯ ಬೆರಳು ಅಲ್ಲೇ ನಿಂತಿತು. ಓಡುವುದು, ತಿರುಗುವುದು, ನಿಲ್ಲುವುದು, ಯಾವುದನ್ನೂ ಮತ್ತೆ ಬರೆಯಬೇಕಾಗಿರಲಿಲ್ಲ. ಓರೆಗಣ್ಣಿನಿಂದ ಲಂಬೂವನ್ನು ನೋಡಿದಳು.

"ಮಿಸ್ ಕೇಳಿದ್ರೆ ಇಬ್ಬರ ಹೆಸರೂ ಹೇಳ್ಬೇಕು, ಗೊತ್ತಾಯ್ತಾ?" ಎಂದು ಗದರಿದಳು. ಆಮೇಲೆ ಕುರ್ಚಿಯಲ್ಲಿ ಸ್ವಲ್ಪ ಸರಿದು ಜಾಗ ಬಿಟ್ಟಳು. "ಬಾ, ಇದಕ್ಕೆ ಹೊಗೆ ಬಿಡೋದು ಹೇಗೆ ಅಂತ ಹೇಳು."