ಹನ್ನೆರಡನೇ ಚಿತ್ರ

"ಆ ಫೈಲ್ ಕೊಡು, ನಾನು ಹಿಡ್ಕೊತೀನಿ," ಎಂದಳು ಗುಂಡಿ.

"ಬೇಡ. ನಿನ್ನ ಕೈ ಕೊಳೆಯಾಗಿದೆ," ಎಂದು ಅಕ್ಕ ಫೈಲನ್ನು ಇನ್ನೊಂದು ಕಂಕುಳಿಗೆ ಸರಿಸಿಕೊಂಡಳು.

ಗುಂಡಿ ನಡೆಯುತ್ತಲೇ ತನ್ನ ಎರಡೂ ಕೈ ತಿರುಗಿಸಿ ನೋಡಿಕೊಂಡಳು. ಸ್ವಚ್ಛವಾಗಿಯೇ ಇದ್ದವು. ಹಾಗಾದರೆ ವಿಷಯ ಬೇರೆ ಏನೋ ಇದೆ.

ಅವರ ಅಪ್ಪ ಟೈಲರ್. ಚಿಕ್ಕ ಮಗಳಿಗೆ ಗುಂಡಿ ಎಂದು ಹೆಸರಿಟ್ಟವರು ಅವರೇ. ಅಂಗಿಯ ಗುಂಡಿ. ಕ್ಲಾಸಿನವರು ಮಾತ್ರ "ರಸ್ತೆ ಗುಂಡಿನಾ?" ಎಂದು ಕಾಡುತ್ತಿದ್ದರು.

ಅಕ್ಕನಿಗೆ ಚಿತ್ರಕಲಾ ಕಾಲೇಜು ಸೇರುವ ಆಸೆ. ಮೂರು ಕಾಲೇಜುಗಳ ವಿಷಯ ಓದಿ, ಎರಡನ್ನು ಬಿಟ್ಟು, ಒಂದನ್ನು ಆರಿಸಿಕೊಂಡಿದ್ದಳು. ಅಲ್ಲಿ ಮೊದಲ ವರ್ಷ ಪೆನ್ಸಿಲ್ ಬಿಟ್ಟು ಬೇರೇನೂ ಮುಟ್ಟಿಸುವುದಿಲ್ಲವಂತೆ. ಅರ್ಜಿಯ ಜೊತೆ ಸ್ವಂತ ಹನ್ನೆರಡು ಚಿತ್ರ ಸ್ಕ್ಯಾನ್ ಮಾಡಿಸಿ ಕಳಿಸಬೇಕು. ಇವತ್ತು ಸಂಜೆ ಐದು ಗಂಟೆಯೇ ಕಡೆ.

ನಿನ್ನೆಯವರೆಗೂ ಅಕ್ಕ "ಹನ್ನೊಂದೇ ಆಗಿದೆ" ಎಂದು ಉಗುರು ಕಚ್ಚುತ್ತಿದ್ದಳು. ಇವತ್ತು ಬೆಳಿಗ್ಗೆ ಅದು ಹನ್ನೆರಡಾಗಿತ್ತು. ಇವತ್ತು ಬೆಳಿಗ್ಗೆಯೇ ಗುಂಡಿಯ ಡ್ರಾಯಿಂಗ್ ಬುಕ್ಕಿನಲ್ಲಿ ಒಂದು ಹಾಳೆ ಕಾಣೆಯಾಗಿತ್ತು. ಕೇಳಿದರೆ, "ನೀನೇ ಎಲ್ಲೋ ಇಟ್ಟಿರ್ತೀಯ," ಎಂದಿದ್ದಳು ಅಕ್ಕ, ಇವಳ ಮುಖ ನೋಡದೆ.

ಸ್ಕ್ಯಾನಿಂಗ್ ಅಂಗಡಿಯ ಅಂಕಲ್ ಕೈ ಚಾಚಿದರು. "ಎಷ್ಟಿದೆಯಮ್ಮ?"

"ಹನ್ನೆರಡು."

ಗುಂಡಿ ತುದಿಗಾಲಲ್ಲಿ ನಿಂತು ಒಂದೊಂದನ್ನೇ ಎಣಿಸಿದಳು. ಅಮ್ಮನ ಚಪ್ಪಲಿ. ಒಗೆದು ಹರವಿದ ಬೆಡ್‌ಶೀಟ್. ಬಸ್ಸಿನಲ್ಲಿ ತೂಕಡಿಸುವ ಕಂಡಕ್ಟರ್. ಕೊನೆಯ ಹಾಳೆಯನ್ನು ಅಕ್ಕ ಬೋರಲಾಗಿ ಕೊಡಲು ಹೋದಳು. ಗುಂಡಿ ಅದರ ತುದಿ ಹಿಡಿದು ತಿರುಗಿಸಿದಳು.

"ಇದು ನಂದು."

ಹೊಲಿಗೆ ಮೆಷಿನ್ನಿನ ಕೆಳಗೆ ಕೂತು ಅವಳು ಬರೆದ ಚಿತ್ರ. ಪೆಡಲ್, ಅದರ ಮೇಲೆ ಅಪ್ಪನ ಪಾದಗಳು.

ಅಂಕಲ್ ಇಬ್ಬರನ್ನೂ ನೋಡಿದರು. "ಸ್ಕ್ಯಾನ್ ಮಾಡ್ಲೋ ಬೇಡ್ವೋ?"

"ಒಂದ್ನಿಮಿಷ ಅಂಕಲ್," ಎಂದು ಅಕ್ಕ ಆ ಹಾಳೆಯನ್ನೂ ಫೈಲನ್ನೂ ತೆಗೆದುಕೊಂಡು, ಗುಂಡಿಯನ್ನು ಹೊರಗಿನ ಬೆಂಚಿಗೆ ಕರೆದುಕೊಂಡು ಬಂದಳು.

"ಮೂರು ಸಲ ಫೈಲಿಂದ ತೆಗ್ದೆ ಕಣೇ. ಮತ್ತೆ ಇಟ್ಟೆ."

"ಕಳ್ಳಿ."

ಅಕ್ಕ ಅಲ್ಲ ಎನ್ನಲಿಲ್ಲ. ಜಗಳಕ್ಕೆ ಸಿದ್ಧಳಾಗಿದ್ದ ಗುಂಡಿ ಅವಳ ಪಕ್ಕದಲ್ಲಿ ಕೂತಳು. "ಬೇಕಾದ್ರೆ ಇಟ್ಕೋ," ಎಂದಳು.

"ಇಂಟರ್‌ವ್ಯೂನಲ್ಲಿ ಮೆಷಿನ್ ಕೆಳಗೆ ಯಾಕೆ ಕೂತಿದ್ದೆ ಅಂತ ಕೇಳಿದ್ರೆ ಏನು ಹೇಳ್ಲಿ? ಯಾಕೆ ಕೂತಿದ್ದೆ ನೀನು?"

"ಅವತ್ತು ನೀನೂ ಅಪ್ಪನೂ ಕಾಲೇಜಿನ ವಿಷ್ಯಕ್ಕೆ ಜಗಳ ಆಡ್ತಿದ್ರಲ್ಲ, ಭಯ ಆಯ್ತು. ಅಪ್ಪ ಆಗಲ್ಲ ಆಗಲ್ಲ ಅಂತಿದ್ರು. ಆದ್ರೆ ಕೆಳಗೆ ಅವರ ಕಾಲು ನಡುಗ್ತಿತ್ತು. ಅದಕ್ಕೇ ಪಾದಕ್ಕೆ ಎರಡೆರಡು ಗೆರೆ."

ಅಪ್ಪ ಒಪ್ಪಿ ಅರ್ಜಿಗೆ ಸಹಿ ಹಾಕಿದ್ದು ಅದಾಗಿ ಒಂದು ವಾರಕ್ಕೆ. ಅಕ್ಕ ಆ ಎರಡೆರಡು ಗೆರೆಗಳನ್ನು ಬಹಳ ಹೊತ್ತು ನೋಡಿದಳು.

"ನಾನು ಬರೀ ಅಪ್ಪನ ಮುಖ ನೋಡ್ತಿದ್ದೆ," ಎಂದಳು.

ಆಮೇಲೆ ಚಿತ್ರವನ್ನು ಗುಂಡಿಯ ಕೈಗೆ ಕೊಟ್ಟು, ಫೈಲಿನಿಂದ ಖಾಲಿ ಹಾಳೆ ತೆಗೆದಳು. ಅಂಗಡಿಯ ಗಡಿಯಾರದಲ್ಲಿ ಮೂರೂ ಮುಕ್ಕಾಲು.

"ಆ ಸ್ಟೂಲ್ ಮೇಲೆ ಕೂತ್ಕೋ. ಅಲ್ಲಾಡ್ಬೇಡ."

"ಹೇಗೆ ಕೂರ್ಲಿ?"

"ನನ್ನ ಮೇಲೆ ಸಿಟ್ಟಿದೆಯಲ್ಲ, ಹಾಗೇ ಕೂರು."

ಗುಂಡಿ ಹುಬ್ಬು ಗಂಟಿಕ್ಕಿ ಕೂತಳು. ಅಕ್ಕನ ಪೆನ್ಸಿಲ್ ಹಾಳೆಯ ಮೇಲೆ ಇಳಿಯಿತು, ನಿಂತಿತು, ಅಳಿಸಿತು, ಮತ್ತೆ ಇಳಿಯಿತು. ಪೆನ್ಸಿಲ್ ಹಿಡಿದ ಬೆರಳು ನಡುಗುತ್ತಿತ್ತು. ಚೆನ್ನಾಗಿ ಚಿತ್ರ ಬರೆಯುವವರಿಗೆ ಭಯವೇ ಆಗುವುದಿಲ್ಲ ಎಂದು ಗುಂಡಿ ಇಷ್ಟು ದಿನ ಅಂದುಕೊಂಡಿದ್ದಳು.

ಅವಳ ಸಿಟ್ಟು ಯಾವಾಗಲೋ ಇಳಿದುಹೋಗಿತ್ತು. ಆದರೂ ಹುಬ್ಬು ಸಡಿಲಿಸಲಿಲ್ಲ. ಅಕ್ಕ ಇನ್ನೂ ಹುಬ್ಬು ಬರೆದು ಮುಗಿಸಿರಲಿಲ್ಲ.