ಬೆಳಗಾವಿ ಬಸ್ಸಿನ ಸರದಿಯಲ್ಲಿ ಕೇತಕಿ ಆಡಿದ ಮಾತು

"ಈ ಟಿಕೀಟು ಯಾರಿಗ್ರೀ?"

ಒಂದೇ ಒಂದು ಟಿಕೀಟು ಕಂಡು ಕೇತಕಿ ಕೇಳಿದಳು. ಹೊರಗೆ ಹೋಗಿ ಬರೋಣ ಎಂದು ಕರೆತಂದ ಗಂಡ ಓಂಕಾರ, ಪುಣೆಯ ಕಾತ್ರಜದಲ್ಲಿ ಅವಳನ್ನು ಬೆಳಗಾವಿ ಬಸ್ಸಿನ ಸರದಿಗೆ ನಿಲ್ಲಿಸಿದ್ದ!

"ನಿನಗ. ನಾಕ ತಿಂಗಳಾತು, ನಾ ಹತ್ರ ಬಂದ್ರ ಎದ್ದು ಆ ಖೋಲಿಗೆ ಹೋಗ್ತಿ. ನಾ ಬ್ಯಾಡಾದ್ರ ತವರಿಗೆ ಹೋಗು... ಜುಲುಮಿ ಮಾಡಂಗಿಲ್ಲ."

ಬೇಡವಂತೆ! ಈ ಪುಣ್ಯಾತ್ಮ ಬೇಡ ಅಂತ ಅವಳು ಯಾವಾಗ ಹೇಳಿದ್ದಳು?

ಬಿ.ಎಡ್. ಮುಗಿಯುವ ತನಕ ಮಗು ಬೇಡವೆಂದು ಇಬ್ಬರೂ ಒಪ್ಪಿ, ಅವಳು ಮಾತ್ರೆ ಶುರು ಮಾಡಿದ್ದಳು. ಆಮೇಲೆ ಬಂತು ನೋಡಿ ಆ ತುರಿಕೆ, ಆ ಉರಿ. ಔಷಧಿ ಅಂಗಡಿಯ ಮುಲಾಮು ಹಚ್ಚಿದರೆ ವಾರ ನೆಮ್ಮದಿ, ಮತ್ತೆ ಅದೇ ಗೋಳು. ಮೂರು ಸಲ! ತಾನೇ ಹೊಲಸೇನೋ ಎಂದು ಬಚ್ಚಲಲ್ಲಿ ಬಾಯಿ ಮುಚ್ಚಿ ಅತ್ತಿದ್ದಳು.

ಇನ್ನು ಸಾಕು!

ಸುತ್ತಲೂ ಮರಾಠಿ ಮಾತು. ಮನೆಯ ಗುಟ್ಟನ್ನು ಪುಣೆಯ ಬೀದಿಯಲ್ಲಿ ಕನ್ನಡದಲ್ಲಿ ಆಡಿಕೊಳ್ಳುವುದು ಇವರ ರೂಢಿ. ಆ ಧೈರ್ಯದ ಮೇಲೆ ಕೇತಕಿ ದನಿ ಏರಿಸಿದಳು.

"ನೀವು ಬ್ಯಾಡಂತ ಅಲ್ರೀ! ಮಾತ್ರಿ ಶುರು ಆದಾಗಿಂದ ಕೆಳಗ ತುರಿಕಿ, ಬೆಂಕಿ ಹಚ್ಚಿದಂಗ ಉರಿ! ಹೇಳಾಕ ನಾಚಿಕಿ ಆಗಿ ದೂರ ಮಲಗಿದೆ. ನಾ ಎಲ್ಲಿಗೂ ಹೋಗಂಗಿಲ್ಲ. ಇವತ್ತ ಡಾಕ್ಟರಬಾಯಿನ್ನ ಕೇಳೇ ಬಿಡಾಕಿ!"

ಸರದಿಯ ತಲೆಗಳೆಲ್ಲ ಇವರತ್ತ ಹೊರಳಿದವು. ಅಷ್ಟು ಹೊತ್ತು ಕಂಡಕ್ಟರನ ಜೊತೆ ಮರಾಠಿಯಲ್ಲಿ ಜಗಳವಾಡುತ್ತಿದ್ದ ಮುದುಕಿ ಮೆಲ್ಲಗೆ ತಿರುಗಿದಳು.

"ಕೇಳು ನನ್ನವ್ವ, ಚಲೋ ಮಾಡ್ತಿ. ಆದ್ರ ಇದು ಬೆಳಗಾವಿ ಬಸ್ಸು... ಎಲ್ಲರಿಗೂ ಕನ್ನಡ ಬರ್ತದ."

ಅಯ್ಯೋ ಶಿವನೇ! ಓಂಕಾರನ ಮುಖ ಕೆಂಪಗಾಯಿತು. ಕೇತಕಿಯ ಕಿವಿಯೂ ಬಿಸಿಯಾಯಿತು, ಆದರೆ ಅವಳು ತಲೆ ತಗ್ಗಿಸಲಿಲ್ಲ. ತಾನೇ ಮುಂದಾಗಿ ರಿಕ್ಷಾ ಕರೆದಳು.

ದವಾಖಾನೆಯಲ್ಲಿ ಅವಳ ಹೆಸರು ಕೂಗಿದಾಗ ಓಂಕಾರನೂ ಎದ್ದ.

"ನೀವು ಹೊರಗ ಕೂಡ್ರಿ. ನಾ ಕೇಳ್ಕೊಂಡು ಬರ್ತೀನಿ."

"ಮಗು ಈಗ ಬ್ಯಾಡ ಅಂತ ಇಬ್ಬರೂ ಕೂಡೇ ಅಂದ್ವಿ. ಮಾತ್ರಿ ನೀ ಒಬ್ಬಾಕಿನೇ ನುಂಗಿದಿ, ಉರಿನೂ ಒಬ್ಬಾಕಿನೇ ತಡಕೊಂಡಿ. ಪರೀಕ್ಷಾ ಮಾಡಿಸೋಣ. ಮಾತ್ರಿಯಿಂದನೇ ಅಂದ್ರ ಬಿಟ್ಟುಬಿಡು, ಬ್ಯಾರೆ ಉಪಾಯ ನಾ ಮಾಡ್ತೀನಿ."

ಅವಳ ಕಣ್ಣು ತುಂಬಿತು.

"ಒಳಗ ಎಲ್ಲಾ ಬಿಡಿಸಿ ಹೇಳ್ತೀನ್ರೀ... ನಿಮಗ ನಾಚಿಕಿ ಆಗಂಗಿಲ್ಲ?"

"ಭಾಳ ಆಗ್ತದ," ಎಂದ ಓಂಕಾರ. "ಆದ್ರ ನಿನ್ನ ಬಿಟ್ಟಿರೋದಕ್ಕಿಂತ ಇದು ಹಗೂರ. ನಡಿ."