ಕಿಟಕಿಯಲ್ಲಿ ಉಳಿದ ಶನಿವಾರ

ಶನಿವಾರ ಇನ್ನೂ ಕಿಟಕಿಯ ಮೇಲೇ ಕೂತಿತ್ತು.

ಪ್ರೆಸ್ಸಿನ ಕಸ ಗುಡಿಸುತ್ತಿದ್ದ ಇಂಕಿ ಪೊರಕೆ ಹಿಡಿದುಕೊಂಡು ಹಾಗೇ ನಿಂತುಬಿಟ್ಟಳು. ಕಿಟಕಿಯ ಕಟ್ಟೆಯ ಮೇಲೆ ಅಚ್ಚುಮೊಳೆ ಜೋಡಿಸುವ ಸ್ಟಿಕ್ಕು, ಅಂಗೈಯಲ್ಲಿ ಹಿಡಿಯುವ ಲೋಹದ ತಟ್ಟೆ. ಅದರೊಳಗೆ ಒಂದೇ ಒಂದು ಸಾಲು. ಅಚ್ಚಿನ ಮೊಳೆಗಳಲ್ಲಿ ಅಕ್ಷರಗಳು ಕನ್ನಡಿಯಲ್ಲಿ ಕಂಡ ಹಾಗೆ ಹಿಂದುಮುಂದಾಗಿರುತ್ತವೆ. ಇಂಕಿಗೆ ಅದನ್ನು ಓದುವುದು ನೀರು ಕುಡಿದಷ್ಟು ಸುಲಭ.

‘ಶನಿವಾರ. ಭರತ: ಬೆಳಿಗ್ಗೆ ಹತ್ತು.’

ಈ ಸಾಲು ಇಲ್ಲಿ ಇರಬಾರದಿತ್ತು. ನಿನ್ನೆ ಊರಿಗೆಲ್ಲ ಹಂಚಿದ ಪೇಪರ್‌ನಲ್ಲಿ ಇರಬೇಕಿತ್ತು.

ಪೇಪರ್ ತಾತನದು. ವಾರಕ್ಕೊಂದು ಸಲ, ಶುಕ್ರವಾರ ಬರುತ್ತದೆ. ಮೊದಲ ಪುಟದ ಮೂಲೆಯಲ್ಲಿ ಶನಿವಾರದಿಂದ ಮುಂದಿನ ಏಳು ದಿನದ ಭರತ–ಇಳಿತದ ಪಟ್ಟಿ ಇರುತ್ತದೆ. ಕಡಲು ಯಾವ ಹೊತ್ತಿಗೆ ಉಕ್ಕುತ್ತದೆ, ಯಾವ ಹೊತ್ತಿಗೆ ಇಳಿಯುತ್ತದೆ ಎಂಬ ಲೆಕ್ಕ. ಬಂದರು ಆಫೀಸು ಕಳಿಸುವ ಹಾಳೆ ನೋಡಿಕೊಂಡು, ಹಳೆಯ ಪಟ್ಟಿಯ ಸಾಲುಗಳನ್ನು ಒಂದೊಂದಾಗಿ ತೆಗೆದು ಹೊಸ ಸಾಲು ಕೂರಿಸುವುದು ಇಂಕಿಯ ಕೆಲಸ. ಕೈಬೆರಳಿಗೆ ಸದಾ ಇಂಕು ಮೆತ್ತಿಕೊಂಡಿರುವುದರಿಂದಲೇ ಅವಳಿಗೆ ಆ ಹೆಸರು.

ಗುರುವಾರ ಸಂಜೆ ಉಳಿದೆಲ್ಲ ಸಾಲು ಕೂರಿಸಿ, ಕೊನೆಗೆ ಶನಿವಾರದ ಸಾಲು ಜೋಡಿಸಿ ಮುಗಿಸುವಷ್ಟರಲ್ಲಿ ಪಕ್ಕದ ಮನೆಯ ಹುಡುಗಿ ಹಗ್ಗದಾಟಕ್ಕೆ ಕರೆದಿದ್ದಳು. ಇಂಕಿ ಸ್ಟಿಕ್ಕನ್ನು ಅಲ್ಲೇ ಇಟ್ಟು ಓಡಿದ್ದಳು. ವಾಪಸ್ ಬಂದಾಗ ಪಟ್ಟಿಯಲ್ಲಿ ಏಳೂ ದಿನಗಳು ತುಂಬಿಕೊಂಡೇ ಕಂಡವು. ಶನಿವಾರದ ಜಾಗದಲ್ಲಿ ಕೂತಿದ್ದದ್ದು ಹೋದ ವಾರದ ಸಾಲು ಎಂದು ಅವಳಿಗೆ ಹೊಳೆಯಲೇ ಇಲ್ಲ.

ಅಚ್ಚಿಗೆ ಹಾಕುವ ಮೊದಲು ತಾತ ಎಂದಿನಂತೆ ಕೇಳಿದ್ದರು, “ಗಟ್ಟಿಯಾಗಿ ಓದಿ ನೋಡಿದೆಯಾ?”

“ನೋಡಿದೆ,” ಎಂದಿದ್ದಳು ಇಂಕಿ. ನೋಡಿರಲಿಲ್ಲ.

ಈಗ ಅವಳು ನಿನ್ನೆಯ ಪೇಪರ್ ಬಿಡಿಸಿದಳು. ‘ಶನಿವಾರ. ಇಳಿತ: ಬೆಳಿಗ್ಗೆ ಹತ್ತು.’ ಕಡಲು ಉಕ್ಕುವ ಹೊತ್ತಿಗೆ ಸರಿಯಾಗಿ, ಕಡಲು ಇಳಿದಿರುತ್ತದೆ ಎಂದು ಪೇಪರ್ ಹೇಳುತ್ತಿತ್ತು.

ಇವತ್ತೇ ಆ ಶನಿವಾರ. ಇಂಕಿ ಬಾಗಿಲ ಕಡೆ ನೋಡಿದಳು. ಯಾರೂ ಇರಲಿಲ್ಲ. ಸ್ಟಿಕ್ಕನ್ನು ಮೆಲ್ಲಗೆ ಇಂಕಿನ ಡಬ್ಬದ ಹಿಂದೆ ಸರಿಸಿದಳು.

ಏನೂ ಆಗಲ್ಲ ಎಂದುಕೊಂಡಳು. ಮೀನು ಹಿಡಿಯುವವರು ಪೇಪರ್ ನೋಡಿಕೊಂಡು ಕಡಲಿಗೆ ಇಳಿಯುತ್ತಾರಾ? ಅವರಿಗೆ ಗಾಳಿ ಮೂಸಿದರೆ ಸಾಕು. ಸಂಜೆಯ ಹೊತ್ತಿಗೆ ಶನಿವಾರ ಮುಗಿದೇ ಹೋಗುತ್ತದೆ.

ಅಷ್ಟರಲ್ಲಿ ಅಮ್ಮ ಬುಟ್ಟಿ ಹಿಡಿದುಕೊಂಡು ಹಿಂದಿನ ಬಾಗಿಲಿನಿಂದ ಬಂದಳು. ಚಿಕ್ಕಮ್ಮ ಬುಟ್ಟಿ ಕೇಳಿದ್ದಳಂತೆ, ಕೊಡೋಣ ಅಂತ ಹೋದರೆ ಮನೆಗೆ ಬೀಗ, ಎಂದು ಗೊಣಗಿದಳು. “ಮರಳದಿಬ್ಬಕ್ಕೆ ಹೊರಟೇಬಿಟ್ಟಿದ್ದಾಳೆ. ಚಿಪ್ಪಿ ಆರಿಸೋಕೆ. ಮರಿಯನ್ನೂ ಕರ್ಕೊಂಡು. ಹತ್ತಕ್ಕೆ ಇಳಿತ ಅಂತ ಪೇಪರ್‌ನಲ್ಲಿದೆಯಲ್ಲ.”

ಇಂಕಿ ಗಡಿಯಾರ ನೋಡಿದಳು. ಆಗಲೇ ಒಂಬತ್ತಾಗಿತ್ತು.

ಚಿಕ್ಕಮ್ಮ ಟೈಲರ್. ವಾರವೆಲ್ಲ ಹೊಲಿಗೆ ಮೆಷಿನ್ ಮುಂದೆ ಕೂರುವವಳು. ಕಡಲಿನ ಬುದ್ಧಿ ಅವಳಿಗೆ ಗೊತ್ತಿಲ್ಲ. ಇಳಿತದಲ್ಲಿ ಎದ್ದು ಭರತದಲ್ಲಿ ಮುಳುಗುವ ಆ ದಿಬ್ಬಕ್ಕೂ ದಡಕ್ಕೂ ನಡುವೆ ಒಂದು ಕಾಲುವೆ ಇದೆ. ಅದರಲ್ಲಿ ಮೊಣಕಾಲುದ್ದ ನೀರು ಕಂಡರೆ, ಆ ನೀರು ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ಹೊಸಬರಿಗೆ ತಿಳಿಯುವುದಿಲ್ಲ. ಇಳಿಯುತ್ತಿದೆ ಎಂದುಕೊಂಡೇ ಚಿಕ್ಕಮ್ಮ ದಾಟಿರುತ್ತಾಳೆ. ಅವಳ ಮಗ ಮರಿಗೆ ನಾಲ್ಕೇ ವರ್ಷ.

ಇಂಕಿ ಡಬ್ಬದ ಹಿಂದೆ ಕೈ ಹಾಕಿದಳು. ಸ್ಟಿಕ್ಕನ್ನು ಎದೆಗವಚಿಕೊಂಡು ತಾತನ ಮೇಜಿನ ಮುಂದೆ ಹೋಗಿ ನಿಂತಳು. ಅದನ್ನೇ ಮುಂದೆ ಚಾಚಿದಳು.

ತಾತ ಕನ್ನಡಕ ಏರಿಸಿ ಓದಿದರು. ಪಕ್ಕದಲ್ಲಿದ್ದ ಪೇಪರ್ ಎಳೆದು ಶನಿವಾರದ ಸಾಲಿನ ಮೇಲೆ ಬೆರಳಿಟ್ಟರು.

“ಚಿಕ್ಕಮ್ಮ ದಿಬ್ಬದಲ್ಲಿದ್ದಾಳೆ ತಾತ. ನಾನು ಓದಿ ನೋಡಿರಲಿಲ್ಲ.”

ತಾತ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ಅವರು ಎದ್ದು ಗೋಡೆಯ ಮೊಳೆಗೆ ತೂಗುಹಾಕಿದ್ದ ಹಿತ್ತಾಳೆಯ ಗಂಟೆ ತೆಗೆದು ಅವಳ ಕೈಗಿಟ್ಟರು.

ಅದು ತಪ್ಪಿನ ಗಂಟೆ. ಪೇಪರ್‌ನಲ್ಲಿ ತಪ್ಪು ಅಚ್ಚಾದರೆ, ತಪ್ಪು ಮಾಡಿದವರೇ ಅದನ್ನು ಬೀದಿಯುದ್ದಕ್ಕೂ ಬಾರಿಸುತ್ತಾ ಹೋಗಿ ಬಾಯಿಬಿಟ್ಟು ಹೇಳಬೇಕು. ಮುತ್ತಾತ ಪೇಪರ್ ಶುರುಮಾಡಿದ ದಿನವೇ ಹಾಕಿಕೊಂಡ ನಿಯಮ. ಇಂಕಿ ಹುಟ್ಟುವ ಮೊದಲು ತಾತನೂ ಒಮ್ಮೆ ಬಾರಿಸಿದ್ದರು. ಬದುಕಿದ್ದ ಬಡಗಿಯನ್ನು ಅವರು ಸತ್ತನೆಂದು ಅಚ್ಚು ಹಾಕಿಬಿಟ್ಟಿದ್ದರು. ಬಡಗಿ ತಾನೇ ಪ್ರೆಸ್ಸಿಗೆ ಬಂದು, ನನ್ನ ಬಗ್ಗೆ ಇಷ್ಟು ಒಳ್ಳೆಯದು ಬರೆದಿದ್ದೀರಿ, ಇನ್ನೆರಡು ಕಾಪಿ ಕೊಡಿ ಎಂದಿದ್ದನಂತೆ. ಆ ಕತೆ ಕೇಳಿದಾಗಲೆಲ್ಲ ಇಂಕಿ ಬಿದ್ದು ಬಿದ್ದು ನಗುತ್ತಿದ್ದಳು.

“ನನ್ನ ಕಾಲು ನಿನ್ನಷ್ಟು ಓಡಲ್ಲ ಮಗಾ. ನೀನು ಮುಂದೆ ಹೋಗು. ದಕ್ಕೆಯಲ್ಲಿರೋ ದೋಣಿ ಮಾವನಿಗೆ ಕೇಳಿಸಬೇಕು.”

ಇಂಕಿ ಓಡಿದಳು. ಗಂಟೆ ಬಾರಿಸಿದಳು, ತಪ್ಪು ಮಾತ್ರ ಹೇಳಲಿಲ್ಲ. ಕಿಟಕಿಗಳು ತೆರೆದವು. ಸ್ಕೂಲಿನ ಹುಡುಗರು ಚೆಂಡು ಬಿಟ್ಟು ತಿರುಗಿ ನೋಡಿದರು.

ಐಸ್ ಅಂಗಡಿಯವನು ಬಾಗಿಲಿಗೆ ಬಂದು ನಕ್ಕ. “ಏನೇ ಇಂಕಿ, ಈ ಸಲ ಯಾರು ಬದುಕಿ ಬಂದ್ರು?”

ಆ ಮಾತು ಚೂರಿ ಹಾಕಿದಂತಾಯಿತು. ಇಂಕಿ ಕೂಗಿದಳು.

“ಪೇಪರ್ ತಪ್ಪು! ಇವತ್ತು ಹತ್ತಕ್ಕೆ ಭರತ! ತಪ್ಪು ನಂದು!”

ಐಸ್ ಅಂಗಡಿಯವನ ನಗು ನಿಂತಿತು. “ದಿಬ್ಬದಲ್ಲಿ ಯಾರಿದ್ದಾರೆ?” ಎಂದು ಕೇಳಿ, ಉತ್ತರಕ್ಕೂ ಕಾಯದೆ ಅವನೂ ಹಿಂದೆ ಓಡಿಬಂದ.

ದೋಣಿಗಳು ನಿಲ್ಲುವ ದಕ್ಕೆಯಲ್ಲಿ ಬಲೆ ಹೊಲಿಯುತ್ತಿದ್ದ ದೋಣಿ ಮಾವ ಗಂಟೆ ಕೇಳಿ ಆಗಲೇ ಎದ್ದು ನಿಂತಿದ್ದ. ಕಾಲುವೆಯ ಆಚೆ ಮರಳದಿಬ್ಬ ಒಂದು ಚಾಪೆಯಷ್ಟಾಗಿ ಕಾಣುತ್ತಿತ್ತು. ಅದರ ಮೇಲೆ ಹಳದಿ ಸೀರೆಯೊಂದು ಬಗ್ಗಿ ಏನೋ ಆರಿಸುತ್ತಿತ್ತು. ಬೆನ್ನು ಈ ಕಡೆಗೆ.

“ನೀನು ಬಾರಿಸ್ತಾ ಇರು,” ಎಂದ ದೋಣಿ ಮಾವ, ಹಗ್ಗ ಬಿಚ್ಚುತ್ತಾ. “ಅವಳು ಈ ಕಡೆ ತಿರುಗಲಿ. ಹೆದರಿ ನೀರಿಗಿಳಿದರೆ ಕಷ್ಟ. ದೋಣಿ ಬರ್ತಿದೆ ಅಂತ ಕಾಣಬೇಕು.”

ಇಂಕಿ ಬಾರಿಸಿದಳು. ತೋಳು ಸೋತಾಗ ಕೈ ಬದಲಿಸಿ ಬಾರಿಸಿದಳು. ಹಳದಿ ಸೀರೆ ನೆಟ್ಟಗಾಯಿತು. ತಿರುಗಿತು. ಕಾಲುವೆಯ ಕಡೆ ನಾಲ್ಕು ಹೆಜ್ಜೆ ಓಡಿ, ಸೊಂಟದವರೆಗೂ ಮುಳುಗಿ, ಹಿಂದಕ್ಕೆ ಹೋಗಿ ಮರಿಯನ್ನು ಹೆಗಲಿಗೇರಿಸಿಕೊಂಡಿತು. ದಿಬ್ಬ ಈಗ ಚಾಪೆಯಷ್ಟೂ ಇರಲಿಲ್ಲ. ಆಮೇಲೆ ಇರಲೇ ಇಲ್ಲ. ಚಿಕ್ಕಮ್ಮ ನೀರಿನ ಮೇಲೆಯೇ ನಿಂತಂತೆ ಕಾಣುತ್ತಿತ್ತು.

ಅಮ್ಮ ಯಾವಾಗಲೋ ಬಂದು ಇಂಕಿಯ ಹೆಗಲು ಹಿಡಿದಿದ್ದಳು.

ದೋಣಿ ಅಲ್ಲಿಗೆ ತಲುಪಿತು. ಹಳದಿ ಸೀರೆ ದೋಣಿಯೊಳಗೆ ಕುಸಿಯಿತು.

ದಡಕ್ಕೆ ಬಂದ ಚಿಕ್ಕಮ್ಮನ ಹಲ್ಲುಗಳು ಕಟಕಟ ಎನ್ನುತ್ತಿದ್ದವು. ಮರಿ ಮಾತ್ರ, ಇನ್ನೊಂದು ರೌಂಡ್ ಹೋಗೋಣ ಎಂದು ಹಟ ಹಿಡಿದಿದ್ದ.

“ಗಂಟೆ ಹೊಡೆದದ್ದು ನೀನಾ?” ಎಂದಳು ಚಿಕ್ಕಮ್ಮ.

“ಹೂಂ. ತಪ್ಪು ಮಾಡಿದ್ದೂ ನಾನೇ.”

ಚಿಕ್ಕಮ್ಮ ತನ್ನ ಬರಿಗಾಲು ನೋಡಿಕೊಂಡಳು. “ಚಪ್ಪಲಿ ಹೋಯ್ತು ಕಣೇ,” ಎಂದಳು. ಆಮೇಲೆ ಅವಳನ್ನು ಬಿಗಿಯಾಗಿ ಅಪ್ಪಿಕೊಂಡು ಅತ್ತಳು.

ಮುಂದಿನ ಗುರುವಾರ ಇಂಕಿ ಪ್ರೆಸ್ಸಿನ ಹೊಸ್ತಿಲಲ್ಲೇ ನಿಂತಳು. ತಾತ ತಲೆ ಎತ್ತದೆ ಸ್ಟಿಕ್ಕನ್ನು ಅವಳ ಕಡೆ ಸರಿಸಿದರು.

ಅಚ್ಚಿನ ಮೆಷಿನ್ನಿನ ಮೇಲಿನ ಗೋಡೆಯಲ್ಲಿ, ಗಾಜಿನ ಚೌಕಟ್ಟಿನಲ್ಲಿ, ಮುತ್ತಾತ ಅಚ್ಚು ಹಾಕಿದ ಮೊಟ್ಟಮೊದಲ ಪೇಪರ್ ಇತ್ತು. ಒಂದೇ ಹಾಳೆ. ಅದರಲ್ಲಿ ಭರತ–ಇಳಿತದ ಪಟ್ಟಿ ಬಿಟ್ಟರೆ ಬೇರೇನೂ ಇಲ್ಲ. ಮುತ್ತಾತನ ಇಬ್ಬರು ಗೆಳೆಯರು ದಿಬ್ಬಕ್ಕೆ ಹೋದವರು ವಾಪಸ್ ಬರಲಿಲ್ಲವಂತೆ. ಅದರ ಮುಂದಿನ ವಾರ ಬಂದ ಹಾಳೆ ಅದು. ಚಿಕ್ಕವಳಿದ್ದಾಗ ಇಂಕಿ, “ಇದರಲ್ಲಿ ಸುದ್ದಿ ಎಲ್ಲಿದೆ ತಾತ?” ಎಂದು ಕೇಳಿದ್ದಳು. ತಾತ ಆಗ ಸುಮ್ಮನೆ ನಕ್ಕಿದ್ದರು.

ಇವತ್ತು ಅವಳು ಆ ಹಾಳೆಯನ್ನು ಮೇಲಿನಿಂದ ಕೆಳಗಿನವರೆಗೆ ಓದಿದಳು. ಸುದ್ದಿ ಎಲ್ಲಿ ಎಂದು ಈ ಸಲ ಕೇಳಲಿಲ್ಲ.

ಹೊರಗಿನಿಂದ ಪಕ್ಕದ ಮನೆಯ ಹುಡುಗಿ ಕರೆದಳು. ಇಂಕಿ ಬೆರಳಿಟ್ಟ ಸಾಲಿನಿಂದ ಬೆರಳು ತೆಗೆಯಲಿಲ್ಲ.

ಪಟ್ಟಿ ಮುಗಿಯಿತು. “ಗಟ್ಟಿಯಾಗಿ ಓದಿ ನೋಡಿದೆಯಾ?” ಎಂದು ತಾತ ಕೇಳಿದರು.

“ನೋಡಿದೆ” ಎನ್ನಲು ತೆರೆದ ಬಾಯಿಯನ್ನು ಇಂಕಿ ಮುಚ್ಚಿದಳು. ಬಂದರು ಆಫೀಸಿನ ಹಾಳೆಯನ್ನು ತಾಳೆ ನೋಡಲು ತಾತನ ಕೈಗೆ ಕೊಟ್ಟು, ಮತ್ತೆ ಮೊದಲಿನಿಂದ ಶುರುಮಾಡಿದಳು.

“ಶನಿವಾರ,” ಎಂದು ಓದಿದಳು, ಬೀದಿಗೂ ಕೇಳುವ ಹಾಗೆ.